ಬಳ್ಳಾರಿ ಕೋರ್ಟಿಗೆ ಹೆಣ್ಣು ವಕೀಲರು ಬಂದ ದಾರಿ

ವಕೀಲಿ ಮಾಡಲು ಯಾರು ಅರ್ಹರು ಎಂಬ ಪ್ರಶ್ನೆ ಒಂದು ಕಾಲಕ್ಕೆ ಒಂದು ಸರ್ವನಾಮದ ಮೇಲೆ ತೀರ್ಮಾನವಾಯಿತು. ಕಲ್ಕತ್ತಾ ವಿಶ್ವವಿದ್ಯಾಲಯದ ಕಾನೂನು ಪದವೀಧರೆ ರೆಜಿನಾ ಗುಹಾ 1916ರಲ್ಲಿ ಅಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಲು ಅರ್ಜಿ ಹಾಕಿದ್ದರು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯ್ದೆಯಲ್ಲಿ ಇದ್ದದ್ದು ‘ವ್ಯಕ್ತಿ’ ಎಂಬ ಪದ, ಅದರ ಬೆನ್ನಿಗೆ ‘ಅವನು’. ಪುಲ್ಲಿಂಗ ಪದದಲ್ಲಿ ಸ್ತ್ರೀಯರೂ ಸೇರುತ್ತಾರೆ ಎಂದು ಜನರಲ್ ಕ್ಲಾಜಸ್ ಕಾಯ್ದೆ ಹೇಳುತ್ತಿತ್ತು. ಆದರೂ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇರಲೇ ಇಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು. ಅದಕ್ಕೂ ಮೂರು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಗ್ವಿನೆತ್ ಬೆಬ್ ಅವರಿಗೂ ಇಂಥದೇ ಉತ್ತರ ಸಿಕ್ಕಿತ್ತು. ಕಾಯ್ದೆಯನ್ನು ಕನ್ನಡದಲ್ಲಿ ಬರೆದು ‘ಅವರು’ ಎಂದಿದ್ದರೆ ಈ ತಕರಾರೇ ಏಳುತ್ತಿರಲಿಲ್ಲವೇನೋ!

1921ರಲ್ಲಿ ಪಾಟ್ನಾ ಹೈಕೋರ್ಟು ಸುಧಾಂಶುಬಾಲಾ ಹಜ್ರಾ ಅವರನ್ನೂ ಹೀಗೆಯೇ ಹಿಂದಕ್ಕೆ ಕಳಿಸಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಕಾರ್ನೆಲಿಯಾ ಸೊರಾಬ್ಜಿ ಅವರನ್ನು ಸೇರಿಸಿಕೊಂಡಿತು. ಒಂದೇ ದೇಶ, ಒಂದೇ ಕಾಯ್ದೆ, ಎರಡು ಅರ್ಥ. ಕೊನೆಗೆ 1923ರ 23ನೇ ಕಾಯ್ದೆ ಬಂದು, ಹೆಣ್ಣು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅನರ್ಹಗೊಳಿಸುವಂತಿಲ್ಲ ಎಂದಿತು.

ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಮದ್ರಾಸಿನಲ್ಲಿ 1929ರಲ್ಲಿ ಮೊದಲ ಮಹಿಳಾ ಅಡ್ವೊಕೇಟ್ ಆಗಿ ನೋಂದಾಯಿಸಿಕೊಂಡ ಬಿ. ಆನಂದಾಬಾಯಿ ನಮ್ಮ ದಕ್ಷಿಣ ಕನ್ನಡದವರು. ಹಾಗಾದರೆ ಬಳ್ಳಾರಿಯಲ್ಲಿ ಏನಾಯಿತು?

ಏನೂ ಆಗಲಿಲ್ಲ. ನನ್ನ ಸಂಶೋಧನೆಯಲ್ಲಿ ನನ್ನನ್ನು ಬಿಡದೆ ಕಾಡುತ್ತಿರುವುದು ಈ ‘ಏನೂ ಆಗದ’ ಕಾಲವೇ. ಬಳ್ಳಾರಿಯ ವಕೀಲರ ಚರಿತ್ರೆ ಓದಲು ಹೋದರೆ ಸಿಗುವುದು ನಾಟಕದ ಚರಿತ್ರೆ. ಧರ್ಮವರಂ ಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಬಳ್ಳಾರಿ ರಾಘವ, ಮೂವರೂ ವಕೀಲರು, ಮೂವರೂ ರಂಗದ ಹುಚ್ಚಿನವರು. ಸ್ತ್ರೀಪಾತ್ರಗಳನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ಹಟ ಹಿಡಿದವರು ರಾಘವ. ಹೀಗೆ ಈ ಊರಲ್ಲಿ ಹೆಣ್ಣು ರಂಗಸ್ಥಳ ಹತ್ತಿದ ಮೇಲೂ ಕೋರ್ಟಿನಲ್ಲಿ ಕರಿಕೋಟು ತೊಡಲು ದಶಕಗಳೇ ಹಿಡಿದವು. ರಂಗಕ್ಕೆ ಪದವಿ ಬೇಕಿರಲಿಲ್ಲ ಎಂಬುದು ನಿಜ. ಕಾನೂನು ಓದಬೇಕೆಂದರೆ ದೂರದ ಮದ್ರಾಸಿಗೆ ಹೋಗಬೇಕಿತ್ತು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಶುರುವಾದದ್ದೇ 1945ರಲ್ಲಿ. ಕಾಯ್ದೆ ಬಾಗಿಲು ತೆರೆದಿತ್ತು, ಬಾಗಿಲವರೆಗಿನ ರಸ್ತೆಯನ್ನು ಯಾರೂ ಹಾಕಿರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಅಡ್ವೊಕೇಟ್ಸ್ ಕಾಯ್ದೆ ಪ್ಲೀಡರ್, ವಕೀಲ ಮುಂತಾದ ದರ್ಜೆಗಳನ್ನು ಒಂದುಗೂಡಿಸಿತು. ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದ ಮೊದಲ ಮಹಿಳೆ ಎಂದು ಹೆಸರಾದ ಮಂಜುಳಾ ಚೆಲ್ಲೂರ್ ಹುಟ್ಟಿದ್ದು 1955ರಲ್ಲಿ! ಅವರು ಬಿ.ಎ. ಓದಿದ್ದು ಊರಿನ ಅಲ್ಲಂ ಸುಮಂಗಳಮ್ಮ ಮಹಿಳಾ ಕಾಲೇಜಿನಲ್ಲಿ. ಕಾನೂನಿಗೆ ಮಾತ್ರ ಬೆಂಗಳೂರಿನ ರೇಣುಕಾಚಾರ್ಯ ಕಾಲೇಜಿಗೆ ಹೋಗಬೇಕಾಯಿತು. ಅಂದರೆ ಕಾಯ್ದೆಗೂ ಕರಿಕೋಟಿಗೂ ನಡುವೆ ಅರ್ಧ ಶತಮಾನ. ಈ ವಿಳಂಬವನ್ನು ‘ಹೆಂಗಸರಿಗೆ ಆಸಕ್ತಿ ಇರಲಿಲ್ಲ’ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಪದವಿಯ ಹಿಂದೆ ಒಂದು ಮಹಿಳಾ ಕಾಲೇಜು ಇದೆ.

1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದ ಅವರು, 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು, ಆಮೇಲೆ ಕೇರಳದ ಮುಖ್ಯ ನ್ಯಾಯಮೂರ್ತಿ. 2014ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದರು. ರೆಜಿನಾ ಗುಹಾ ಅವರಿಗೆ ‘ವ್ಯಕ್ತಿ’ ಎಂಬ ಪದದೊಳಗೆ ಜಾಗವಿಲ್ಲ ಎಂದದ್ದೂ ಅದೇ ಹೈಕೋರ್ಟು, 98 ವರ್ಷಗಳ ಹಿಂದೆ.

ಬಳ್ಳಾರಿಯ ಹೆಮ್ಮೆಗೆ ಇಷ್ಟು ಸಾಕು. ನನ್ನ ಕಣ್ಣು ಮಾತ್ರ ಕಕ್ಷಿದಾರರ ಬೆಂಚಿನ ಕಡೆಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಹೆಣ್ಣಿಗೆ ಹೆಚ್ಚಿತು. ಸಿರುಗುಪ್ಪದ ಗದ್ದೆಯಲ್ಲಿ ಭಾಗ ಬೇಕಾದವಳು, ಜೀವನಾಂಶ ಬೇಡಿ ಕುರುಗೋಡಿನಿಂದ ಬಂದವಳು, ಗಂಡನ ಹೊಡೆತದ ಕಥೆಯನ್ನು, ಹಾಸಿಗೆಯ ಕಥೆಯನ್ನು ಬಳ್ಳಾರಿಯಲ್ಲಿ ಗಂಡಸು ವಕೀಲರಿಗೇ ಹೇಳಬೇಕಿತ್ತು. ಹೇಳಿದ್ದರಲ್ಲಿ ಎಷ್ಟು ದಾವೆಯ ಕಾಗದಕ್ಕೆ ಇಳಿಯಿತು, ಎಷ್ಟು ಗಂಟಲಲ್ಲೇ ಉಳಿಯಿತು? ಹಳೆಯ ದಾವೆಗಳನ್ನು ಓದುವಾಗ ಸಾಲುಗಳ ನಡುವೆ ನಾನು ಹುಡುಕುತ್ತಿರುವುದು ಅದನ್ನೇ.