ವಾಣಿಜ್ಯ ಕಟ್ಟಡಗಳಿಗೆ ತುರ್ತು ದೀಪ: ಆಯ್ಕೆಗೆ ಮುನ್ನ ಗಮನಿಸಬೇಕಾದದ್ದು

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ನೆಲಮಹಡಿಯಲ್ಲಿದ್ದ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಹತ್ತಿತು. ವಿದ್ಯುತ್ ಕಡಿದುಹೋಗಿ ಬಾಲ್ಕನಿಯಲ್ಲಿದ್ದ ಪ್ರೇಕ್ಷಕರು ಹೊಗೆ ಮತ್ತು ಕತ್ತಲೆಯ ನಡುವೆ ಸಿಲುಕಿದರು. 59 ಮಂದಿ ಅಸುನೀಗಿದರು. ತುರ್ತು ದೀಪಗಳ ವ್ಯವಸ್ಥೆ ಇಲ್ಲದಿದ್ದುದು ನಂತರದ ನ್ಯಾಯಾಂಗ ವಿಚಾರಣೆಯಲ್ಲಿ ಎತ್ತಿ ತೋರಿಸಲಾದ ಲೋಪಗಳಲ್ಲೊಂದು.

‘ನಮ್ಮಲ್ಲಿ ಜನರೇಟರ್ ಇದೆಯಲ್ಲ’ ಎಂಬುದು ಕಟ್ಟಡ ಮಾಲೀಕರಿಂದ ಸಾಮಾನ್ಯವಾಗಿ ಕೇಳಿಬರುವ ಮಾತು. ಲೋಡ್ ಶೆಡ್ಡಿಂಗ್‌ಗೆ ಈ ಉತ್ತರ ಸರಿ, ಬೆಂಕಿಗಲ್ಲ. ಜನರೇಟರ್ ಚಾಲನೆಗೊಳ್ಳಲು ಕೆಲವು ಕ್ಷಣಗಳಾದರೂ ಬೇಕು. ಅದು ನೀಡುವ ವಿದ್ಯುತ್ ಕೂಡ ಕಟ್ಟಡದ ಅದೇ ಕೇಬಲ್‌ಗಳ ಮೂಲಕವೇ ಹರಿಯಬೇಕು. 2010ರ ಫೆಬ್ರವರಿ 23ರಂದು 9 ಜನರನ್ನು ಬಲಿ ತೆಗೆದುಕೊಂಡ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ ಬೆಂಕಿ ಕಾಣಿಸಿಕೊಂಡದ್ದೇ ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ. ಆದ್ದರಿಂದಲೇ ಬ್ಯಾಟರಿಯನ್ನು ತನ್ನೊಳಗೇ ಹೊಂದಿರುವ ದೀಪಗಳು ಸಣ್ಣ ಹಾಗೂ ಮಧ್ಯಮ ಗಾತ್ರದ ಕಟ್ಟಡಗಳಿಗೆ ಹೆಚ್ಚು ಭರವಸೆಯ ಆಯ್ಕೆ. ಬೃಹತ್ ಸಂಕೀರ್ಣಗಳಲ್ಲಿ ಎಲ್ಲ ದೀಪಗಳಿಗೂ ಒಂದೇ ಬ್ಯಾಟರಿ ಕೊಠಡಿ ಇದ್ದರೆ ನಿರ್ವಹಣೆ ಸುಲಭ. ಆದರೆ ಅಲ್ಲಿಂದ ಹೊರಡುವ ಕೇಬಲ್‌ಗಳು ಬೆಂಕಿ ತಾಳುವಂಥವಾಗಿರಲೇಬೇಕು. ವೆಚ್ಚ ಉಳಿಸಲು ಇಲ್ಲಿ ಕೈಬಿಗಿ ಹಿಡಿದರೆ ಇಡೀ ವ್ಯವಸ್ಥೆಯೇ ವ್ಯರ್ಥ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಪಾರಾಗುವ ಮಾರ್ಗದ ನಡುಗೆರೆಯಲ್ಲಿ ನೆಲಮಟ್ಟದ ಬೆಳಕು 10 ಲಕ್ಸ್‌ಗಿಂತ ಕಡಿಮೆ ಇರಬಾರದು ಮತ್ತು ದೀಪಗಳು ಕನಿಷ್ಠ ಒಂದೂವರೆ ಗಂಟೆ ಉರಿಯಬೇಕು. ಅಂಗಡಿಯವರು ಹೇಳುವ ವ್ಯಾಟ್ ಲೆಕ್ಕಕ್ಕಿಂತ ಈ ಎರಡು ಅಂಕಿಗಳೇ ಮುಖ್ಯ.

ಸ್ಥಳದ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಸ್ವಾಗತ ಕೊಠಡಿಯಲ್ಲಿ ನಾಲ್ಕು ದೀಪ, ಮೆಟ್ಟಿಲ ತಿರುವಿನಲ್ಲಿ ಒಂದೂ ಇಲ್ಲ ಎಂಬ ಸ್ಥಿತಿ ಅಪರೂಪವೇನಲ್ಲ. ಪ್ರತಿ ನಿರ್ಗಮನ ದ್ವಾರ, ದಾರಿ ತಿರುಗುವ ಹಾಗೂ ಕೂಡುವ ಜಾಗ, ನೆಲದ ಎತ್ತರ ಬದಲಾಗುವ ಕಡೆ, ಅಗ್ನಿಶಾಮಕ ಸಾಧನಗಳ ಸಮೀಪ ಮತ್ತು ಕೊನೆಯ ಬಾಗಿಲಿನ ಹೊರಗೂ ದೀಪ ಬೇಕು. ಮೆಟ್ಟಿಲುಗಳ ಪ್ರತಿ ಸಾಲಿಗೂ ನೇರ ಬೆಳಕು ಬೀಳಬೇಕು. ಹೊಗೆ ಮೊದಲು ಚಾವಣಿಯಡಿ ತುಂಬುವುದರಿಂದ ದೀಪಗಳನ್ನು ತೀರಾ ಮೇಲೆ ಅಳವಡಿಸುವುದು ಸಲ್ಲದು. ಆದರೂ ನೆಲದಿಂದ 2 ಮೀಟರ್ ಎತ್ತರವಾದರೂ ಇರಬೇಕು.

ಚಿತ್ರಮಂದಿರ, ಮಾಲ್‌ಗಳಂಥ, ಬಂದವರಿಗೆ ದಾರಿ ಪರಿಚಯವಿಲ್ಲದ ಸ್ಥಳಗಳಲ್ಲಿ ಸದಾ ಉರಿಯುವ ನಿರ್ಗಮನ ಫಲಕಗಳೇ ಸೂಕ್ತ. ಕಚೇರಿಗಳಲ್ಲಿ ವಿದ್ಯುತ್ ಹೋದಾಗ ಮಾತ್ರ ಬೆಳಗುವ ದೀಪಗಳು ಸಾಕು. ಆದರೆ ಇಡೀ ಕಟ್ಟಡದ ವಿದ್ಯುತ್ ಹೋದಾಗ ಮಾತ್ರವಲ್ಲ, ಆ ಮೆಟ್ಟಿಲಿನ ಎಂಸಿಬಿ ಒಂದೇ ಬಿದ್ದರೂ ಅವು ಹೊತ್ತಿಕೊಳ್ಳುವಂತೆ ವೈರಿಂಗ್ ಇರಬೇಕು. ಯಾರೋ ಸಂಜೆ ಆರಿಸಿ ಹೋಗುವ ಸ್ವಿಚ್ಚಿಗೆ ಅವುಗಳನ್ನು ಜೋಡಿಸಿದರೆ ಬ್ಯಾಟರಿ ರಾತ್ರಿಯಿಡೀ ಬರಿದಾಗುತ್ತದೆ.

ಬಿಸಿಲಿಗೆ ಕಾಯುವ ಚಾವಣಿಯಡಿಯ ಜಾಗಗಳಲ್ಲಿ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಬೇಗ ಕುಗ್ಗುತ್ತದೆ. ಅಲ್ಲಿಗೆ ನಿಕಲ್-ಕ್ಯಾಡ್ಮಿಯಂ ಅಥವಾ ಲಿಥಿಯಂ ಐರನ್ ಫಾಸ್ಫೇಟ್ ಮೇಲು. ಎಲ್‌ಇಡಿ ದೀಪವಾದರೆ ಸಣ್ಣ ಬ್ಯಾಟರಿಯೂ ಸಾಕಾಗುತ್ತದೆ.

ಪರೀಕ್ಷಾ ಗುಂಡಿ ಇಲ್ಲದ ದೀಪವನ್ನು ಕೊಳ್ಳಬಾರದು. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುವುದರ ಜೊತೆಗೆ ವರ್ಷಕ್ಕೊಮ್ಮೆ ಪೂರ್ಣಾವಧಿ ಉರಿಸಿ, ಫಲಿತಾಂಶವನ್ನು ಪುಸ್ತಕದಲ್ಲಿ ದಾಖಲಿಸಬೇಕು. ಬರಿದಾದ ಬ್ಯಾಟರಿ ಮತ್ತೆ ತುಂಬಲು 24 ಗಂಟೆಯವರೆಗೂ ಬೇಕಾಗಬಹುದಾದ್ದರಿಂದ ಈ ಪರೀಕ್ಷೆಗೆ ರಜೆಯ ಹಿಂದಿನ ಸಂಜೆ, ಜನರೆಲ್ಲ ಹೊರಟ ಮೇಲಿನ ವೇಳೆ ಅನುಕೂಲ.