ಎಣ್ಣೆರಹಿತ ಡಯಾಫ್ರಮ್ ಪಂಪು ಮತ್ತು ಹೀಲಿಯಂ ಪರಿಚಲನೆಯ ಶುದ್ಧತೆ: ಒಂದು ಮರುಪರಿಶೀಲನೆ

ದ್ರವ ಹೀಲಿಯಂ ಮೇಲಿನ ಆವಿಯನ್ನು ಸೆಳೆದು ತೆಗೆದರೆ ಅದರ ತಾಪಮಾನ 4.2 ಕೆಲ್ವಿನ್‌ನಿಂದ ಕೆಳಗಿಳಿಯುತ್ತದೆ ಎಂಬುದರಲ್ಲಿ ಹೊಸತೇನಿಲ್ಲ. 1908ರಲ್ಲಿ ಲೈಡನ್ನಿನಲ್ಲಿ ಹೀಲಿಯಂ ದ್ರವವಾದಂದಿನಿಂದ ಕಾಮರ್ಲಿಂಗ್ ಓನ್ಸ್ ಹಿಡಿದ ದಾರಿ ಇದೇ. 1922ರ ವೇಳೆಗೆ ಅವರು 1 ಕೆಲ್ವಿನ್‌ಗಿಂತ ಕೆಳಗಿಳಿದದ್ದೂ ಪಂಪುಗಳ ಬಲವನ್ನು ಹೆಚ್ಚಿಸುತ್ತ ಹೋದದ್ದರಿಂದಲೇ. ಡಯಾಫ್ರಮ್ ಪಂಪಿನ ಮಿತಿಯ ಬಗ್ಗೆಯೂ ಹೆಚ್ಚಿನ ತಕರಾರಿಲ್ಲ. ಪೊರೆ ಮೇಲೆ ಕೆಳಗೆ ಆಡುವಾಗ ತಲೆಯಲ್ಲಿ ಖಾಲಿಯಾಗದೆ ಉಳಿಯುವ ಅಲ್ಪ ಜಾಗ ಅದರ ಸಂಕೋಚನವನ್ನು ಕಟ್ಟಿಹಾಕುತ್ತದೆ. ಮೂರು ಹಂತಗಳನ್ನು ಸರಣಿಯಲ್ಲಿ ಜೋಡಿಸಿದರೂ ಅದು ಮುಟ್ಟುವ ಕೊನೆಯ ಒತ್ತಡ 1ರಿಂದ 2 ಮಿಲಿಬಾರ್. ಅದಕ್ಕಿಂತ ಮೊದಲೇ ಸೆಳೆಯುವ ವೇಗ ಸಾಲದಾಗುತ್ತದೆ. 100 ಮಿಲಿವಾಟ್ ಉಷ್ಣವನ್ನು ಹೊತ್ತೊಯ್ಯಲು, ಆವೀಕರಣ ಉಷ್ಣ ಮೋಲಿಗೆ ಸುಮಾರು 90 ಜೌಲ್ ಎಂದು ಹಿಡಿದರೆ, ಸೆಕೆಂಡಿಗೆ 1.1 ಮಿಲಿಮೋಲ್ ಹೀಲಿಯಂ ಆವಿಯಾಗಬೇಕು. 2 ಕೆಲ್ವಿನ್‌ನಲ್ಲಿ ಆವಿ ಒತ್ತಡ 31 ಮಿಲಿಬಾರ್; ಕೋಣೆಯ ತಾಪಮಾನಕ್ಕೆ ಬಂದ ಆ ಅನಿಲವನ್ನು ಸಾಗಿಸಲು ಗಂಟೆಗೆ 3 ಘನಮೀಟರಿನಷ್ಟು ಸಾಕು. 1.5 ಕೆಲ್ವಿನ್‌ನಲ್ಲಿ ಒತ್ತಡ 4.7 ಮಿಲಿಬಾರಿಗೆ ಇಳಿಯುವುದರಿಂದ ಬೇಡಿಕೆ 21 ಘನಮೀಟರಿಗೆ ಏರುತ್ತದೆ, 1.2 ಕೆಲ್ವಿನ್‌ನಲ್ಲಿ 120 ದಾಟುತ್ತದೆ. ಮೇಜಿನ ಮೇಲೆ ಕೂರುವ ಡಯಾಫ್ರಮ್ ಪಂಪು ಸೆಳೆಯುವುದು ಗಂಟೆಗೆ ಕೆಲವೇ ಘನಮೀಟರ್. ಹಾಗಾಗಿ 1.5 ಕೆಲ್ವಿನ್‌ವರೆಗೆ, ಕೆಲವು ಹತ್ತು ಮಿಲಿವಾಟ್ ಒಳಗೆ, ಇದು ಒಪ್ಪಬಹುದಾದ ಪಂಪು.

ಈ ವಲಯದಲ್ಲಿ ಡಯಾಫ್ರಮ್ ಪಂಪನ್ನು ಆರಿಸಿಕೊಳ್ಳುವವರು ಸಾಮಾನ್ಯವಾಗಿ ಕೊಡುವ ಕಾರಣವೇ ಇಲ್ಲಿ ಚರ್ಚೆಗೆ ಬೇಕಾದದ್ದು. ಮುಚ್ಚಿದ ಪರಿಚಲನೆಯಲ್ಲಿ ಪಂಪಿನಿಂದ ಹೊರಬಂದ ಹೀಲಿಯಂ ಮತ್ತೆ ಕ್ರಯೋಸ್ಟಾಟಿಗೆ ಮರಳಿ, ತಣಿದು, ಕೂದಲೆಳೆಯಂಥ ಕ್ಯಾಪಿಲರಿಯ ಮೂಲಕ ಹಾಯಬೇಕು. ರೋಟರಿ ಪಂಪಿನ ಎಣ್ಣೆಯ ಆವಿ ಅಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ, ಎಣ್ಣೆ ಇಲ್ಲದಿದ್ದರೆ ಆ ಕಾಟವೇ ಇಲ್ಲ ಎಂಬುದು ರೂಢಿಯ ವಾದ. ಇದರ ಮೊದಲರ್ಧವನ್ನು ಅಲ್ಲಗಳೆಯುವ ಕಾರಣವಿಲ್ಲ. ಎರಡನೆಯ ಅರ್ಧ ಮಾತ್ರ ಮೊದಲನೆಯದರಿಂದ ಹುಟ್ಟುವುದಿಲ್ಲ. ಪೊರೆಯ ಒಂದು ಬದಿಯಲ್ಲಿ ಕೆಲವೇ ಮಿಲಿಬಾರ್ ಒತ್ತಡದ ಹೀಲಿಯಂ ಇದ್ದರೆ, ಸಾಮಾನ್ಯ ರಚನೆಯಲ್ಲಿ ಇನ್ನೊಂದು ಬದಿಯಲ್ಲಿರುವುದು ಕೋಣೆಯ ಗಾಳಿ. ಪೊರೆಯ ಅಂಚು, ಕವಾಟಗಳ ತಲೆಯ ಜೋಡಣೆ, ಕೊನೆಗೆ ರಬ್ಬರಿನ ಮೈಯೇ ಗಾಳಿಯನ್ನು ತುಸು ಒಳಗೆ ಬಿಡುತ್ತವೆ. ಆ ಸೋರಿಕೆ ಸೆಕೆಂಡಿಗೆ ಒಂದು ಮಿಲಿಬಾರ್-ಲೀಟರಿನ ಸಾವಿರದ ಒಂದು ಪಾಲು ಎಂದಿಟ್ಟುಕೊಳ್ಳೋಣ. ದಿನಕ್ಕೆ ಒಳಬರುವುದು ಸುಮಾರು 3.5 ಮಿಲಿಮೋಲ್, ಎಂದರೆ 0.1 ಗ್ರಾಂ ಗಾಳಿ; ಘನರೂಪದಲ್ಲಿ ಅದು ಹೆಚ್ಚುಕಡಿಮೆ 100 ಘನ ಮಿಲಿಮೀಟರ್. 0.1 ಮಿಲಿಮೀಟರ್ ಒಳವ್ಯಾಸದ ಒಂದು ಮೀಟರ್ ಕ್ಯಾಪಿಲರಿಯ ಒಳಜಾಗ ಕೇವಲ 8 ಘನ ಮಿಲಿಮೀಟರ್. ಬಂದ ಗಾಳಿಯೆಲ್ಲ ಕ್ಯಾಪಿಲರಿಯ ಬಾಯಿಗೇ ಬರುವುದಿಲ್ಲ, ಬಹುಪಾಲು ಮೇಲಿನ ತಣ್ಣನೆಯ ಗೋಡೆಗಳಿಗೇ ಅಂಟುತ್ತದೆ, ನಿಜ; ಆದರೂ ದಿನಗಟ್ಟಲೆ ನಡೆಯುವ ಪ್ರಯೋಗದಲ್ಲಿ ಈ ಅಂತರವನ್ನು ಕಡೆಗಣಿಸಲಾಗದು.

ರೋಟರಿ ಪಂಪಿನ ದಂಡದ ಸೀಲೂ ಸೋರುತ್ತದೆ, ಆದ್ದರಿಂದ ಗಾಳಿ ಎರಡಕ್ಕೂ ಸಮಾನ, ಡಯಾಫ್ರಮ್ ಪಂಪಿನಲ್ಲಿ ಎಣ್ಣೆಯೊಂದಾದರೂ ಕಡಿಮೆ ಎಂದು ಆಕ್ಷೇಪಿಸಬಹುದು. ಎರಡು ಕಲ್ಮಶಗಳೂ ಒಂದೇ ಬಗೆಯವಾಗಿದ್ದರೆ ಈ ಲೆಕ್ಕ ಸರಿ. 77 ಕೆಲ್ವಿನ್‌ನ ದ್ರವ ಸಾರಜನಕದಲ್ಲಿ ಮುಳುಗಿಸಿದ ಟ್ರ್ಯಾಪಿನಲ್ಲಿ ಎಣ್ಣೆಯ ಆವಿ, ನೀರಾವಿ ಎರಡೂ ಗೋಡೆಗೆ ಹೆಪ್ಪುಗಟ್ಟಿ ನಿಲ್ಲುತ್ತವೆ. ಸಾರಜನಕಕ್ಕೆ ಅದೇ 77 ಕೆಲ್ವಿನ್ ಕುದಿಯುವ ಬಿಂದು; ಅಲ್ಲಿ ಅದರ ಆವಿ ಒತ್ತಡ ಒಂದು ವಾತಾವರಣದಷ್ಟು. ಬರಿಯ ತಣ್ಣನೆಯ ಗೋಡೆ ಅದನ್ನು ತಡೆಯಲಾರದು; ಸಕ್ರಿಯ ಇದ್ದಿಲಿನ ಮೇಲ್ಮೈಗೆ ಅಂಟಿಸಿಕೊಳ್ಳಬೇಕು, ಆ ಇದ್ದಿಲು ತುಂಬಿಹೋದ ಮೇಲೆ ಬಿಸಿಮಾಡಿ ಖಾಲಿ ಮಾಡಬೇಕು. ಹಾಗಾದರೆ, ಕನಿಷ್ಠಪಕ್ಷ ಟ್ರ್ಯಾಪ್ ಇರುವ ವ್ಯವಸ್ಥೆಗಳಲ್ಲಿ, ಮತ್ತು ಪಂಪಿನ ಸೋರಿಕೆ ಮೇಲೆ ಊಹಿಸಿದ ಮಟ್ಟಕ್ಕೆ ಹತ್ತಿರವಿರುವಲ್ಲಿ, ಕ್ಯಾಪಿಲರಿಗೆ ಎಣ್ಣೆಗಿಂತ ಗಾಳಿಯೇ ದೊಡ್ಡ ಶತ್ರು ಎಂದು ತೋರುತ್ತದೆ. ಎಣ್ಣೆರಹಿತ ಪಂಪು ಸುಲಭವಾಗಿ ಸಿಕ್ಕಿಬೀಳುವ ಕಲ್ಮಶವನ್ನು ತೆಗೆದುಹಾಕಿ, ಕಷ್ಟದ್ದನ್ನು ಹಾಗೆಯೇ ಬಿಡುತ್ತದೆ. ಪೊರೆ ಬಿರಿದಾಗಲಂತೂ ಗಾಳಿ ಒಮ್ಮೆಲೇ ನುಗ್ಗುತ್ತದೆ.

ಈ ತೀರ್ಮಾನದ ವಿರುದ್ಧ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜಲಜನಕದ್ದು. ಬಿಸಿಯಾದ ಪಂಪಿನಲ್ಲಿ ಎಣ್ಣೆ ಒಡೆದು ಜಲಜನಕ ಹುಟ್ಟುತ್ತದೆ. ಅದು 77 ಕೆಲ್ವಿನ್‌ನ ಇದ್ದಿಲಿನಿಂದಲೂ ಬಹುಮಟ್ಟಿಗೆ ಜಾರಿಕೊಂಡು, 14 ಕೆಲ್ವಿನ್‌ಗಿಂತ ಕೆಳಗೆ ಘನವಾಗುತ್ತದೆ. ತಿಂಗಳುಗಟ್ಟಲೆ ಓಡುವ ಡೈಲ್ಯೂಷನ್ ರೆಫ್ರಿಜರೇಟರುಗಳಲ್ಲಿ ದಾರಿ ಕಟ್ಟುವುದಕ್ಕೆ ಇದು ಕಾರಣವಾಗುವುದು ಪರಿಚಿತ ಸಂಗತಿ. ಅಲ್ಲಿ ಎಣ್ಣೆಯಿಲ್ಲದ ಪಂಪಿನ ಮೇಲುಗೈಯನ್ನು ಒಪ್ಪಲೇಬೇಕು, ಮೇಲಿನ ಮಾತನ್ನು ಆ ಮಟ್ಟಿಗೆ ಕುಗ್ಗಿಸಲೂ ಬೇಕು. ಪಲ್ಸ್ ಟ್ಯೂಬ್ ಶೀತಕದ ಹಂತಗಳಿಗೆ ಇದ್ದಿಲನ್ನು ಕೂರಿಸಿದ ಉಪಕರಣಗಳು ತೊಂದರೆಯಿಲ್ಲದೆ ಓಡುತ್ತವೆ ಎಂಬ ಸಾಕ್ಷ್ಯ ಮಾತ್ರ ಪಂಪಿನ ಪರವಾಗಿ ನಿಲ್ಲುವುದಿಲ್ಲ. ಅಲ್ಲಿ ಕೆಲಸ ಮಾಡುತ್ತಿರುವುದು ಇನ್ನಷ್ಟು ತಣ್ಣನೆಯ ಇದ್ದಿಲು.

ಇತ್ಯರ್ಥವಾಗದೆ ಉಳಿಯುವುದು ಅಳತೆಯ ಪ್ರಶ್ನೆ. ಪಂಪುಗಳ ಸೋರಿಕೆಯನ್ನು ವಾಡಿಕೆಯಂತೆ ಹೀಲಿಯಂನಿಂದ ಪರೀಕ್ಷಿಸುತ್ತಾರೆ. ರಬ್ಬರಿನ ಮೈಯ ಮೂಲಕ ಹೀಲಿಯಂ ಸಾರಜನಕಕ್ಕಿಂತ ಹಲವು ಪಟ್ಟು ವೇಗವಾಗಿ ಹಾಯುತ್ತದೆ. ಜೋಡಣೆಯ ಸಂದಿಯಲ್ಲಿ ಹರಿವು ಸ್ನಿಗ್ಧತೆಯ ಹಿಡಿತದಲ್ಲಿರುವಾಗ ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹರಿಯುತ್ತವೆ. ಆದ್ದರಿಂದ ಒಂದೇ ಹೀಲಿಯಂ ಅಂಕಿಯಿರುವ ಎರಡು ಪಂಪುಗಳು ಒಳಬಿಡುವ ಗಾಳಿ ಬಹಳ ಬೇರೆಯಾಗಿರಬಹುದು. ಪೊರೆ ಹಳತಾದಂತೆ, ಓಡುತ್ತ ಬಿಸಿಯಾದಂತೆ ಈ ಎರಡು ದಾರಿಗಳ ಪಾಲು ಹೇಗೆ ಬದಲಾಗುತ್ತದೆ ಎಂಬುದನ್ನು ಪಂಪಿನ ನಿರ್ಗಮದಲ್ಲಿ ದ್ರವ್ಯರಾಶಿ ಸ್ಪೆಕ್ಟ್ರೋಮೀಟರ್ ಇಟ್ಟು, ಸಾರಜನಕವನ್ನೂ ಆರ್ಗಾನ್ ಅನ್ನೂ ಬೇರೆಬೇರೆಯಾಗಿ ಅಳೆದರೆ ಬಿಡಿಸಿ ನೋಡಬಹುದು.