ಮೊದಲ ರೋಗಿಗಿಂತ ಮೊದಲೇ ಬಂದ ಎಚ್ಚರಿಕೆ

ಪೆನಿಸಿಲಿನ್ ಕಥೆ ಹೇಳುವಾಗ ನಾವು 1928ರ ಲಂಡನ್ನಿನಲ್ಲೇ ನಿಂತುಬಿಡುತ್ತೇವೆ. ರಜೆ ಮುಗಿಸಿ ಬಂದ ಅಲೆಕ್ಸಾಂಡರ್ ಫ್ಲೆಮಿಂಗ್, ಬೂಷ್ಟು ಹಿಡಿದ ಗಾಜಿನ ತಟ್ಟೆ, ಅದರ ಸುತ್ತ ಕರಗಿಹೋದ ಬ್ಯಾಕ್ಟೀರಿಯಾ. ಶಾಲೆಯ ಪಾಠಕ್ಕೆ ಇಷ್ಟು ಸಾಕು. ನನ್ನ ಕುತೂಹಲವೆಲ್ಲ ಹನ್ನೆರಡು ವರ್ಷಗಳ ನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದದ್ದರ ಬಗ್ಗೆ.

ಯುದ್ಧದ ದಿನಗಳು. ಹೋವರ್ಡ್ ಫ್ಲೋರಿಯ ತಂಡಕ್ಕೆ ಬೂಷ್ಟು ಬೆಳೆಸಲು ಸರಿಯಾದ ಪಾತ್ರೆಗಳೂ ಇರಲಿಲ್ಲ. ಆಸ್ಪತ್ರೆಯ ಬೆಡ್‌ಪ್ಯಾನುಗಳಲ್ಲೂ ಬೆಳೆಸಿದರು. ಅದೇ ತಂಡದ ಅರ್ನ್‌ಸ್ಟ್ ಚೈನ್ ಮತ್ತು ಎಡ್ವರ್ಡ್ ಅಬ್ರಹಾಂ 1940ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು: ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ನನ್ನೇ ಹಾಳುಮಾಡುವ ಕಿಣ್ವವನ್ನು ತಯಾರಿಸುತ್ತವೆ. ಗಮನಿಸಿ, ಅವರ ಔಷಧ ಆಗಿನ್ನೂ ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ.

1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಚುಚ್ಚಿದರು. ಮುಖವೆಲ್ಲ ಕೀವುಗಟ್ಟಿದ್ದ ಮನುಷ್ಯ ಚೇತರಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಔಷಧ ಮುಗಿಯುತ್ತ ಬಂತು. ಅವನ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರು, ಅದೂ ಸಾಲಲಿಲ್ಲ. ಸೋಂಕು ಮರುಕಳಿಸಿ ಮಾರ್ಚ್‌ನಲ್ಲಿ ತೀರಿಕೊಂಡ.

ಅವನಿಗೆ ಚಿಕಿತ್ಸೆ ಅರ್ಧಕ್ಕೆ ನಿಂತದ್ದು ಔಷಧ ಇಲ್ಲದೆ. ಕೈತುಂಬ ಔಷಧ ಸಿಗುವ ಕಾಲದ ಅಪಾಯ ಬೇರೆಯದು ಎಂದು ಫ್ಲೆಮಿಂಗ್ 1945ರ ಡಿಸೆಂಬರಿನ ನೊಬೆಲ್ ಉಪನ್ಯಾಸದಲ್ಲಿ ಹೇಳಿದ. ಅಲ್ಲೊಂದು ಕಲ್ಪಿತ ಪ್ರಸಂಗವಿದೆ. ಗಂಟಲು ನೋವಿಗೆ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಔಷಧವನ್ನು ಎದುರಿಸುವುದನ್ನು ಕಲಿಯುತ್ತವೆ. ಅವು ಹೆಂಡತಿಗೆ ಅಂಟಿ ಆಕೆಗೆ ನ್ಯುಮೋನಿಯಾ ಬರುತ್ತದೆ, ಪೆನಿಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ತಪ್ಪು ಮಾಡಿದವನು ಒಬ್ಬ, ಸತ್ತವಳು ಇನ್ನೊಬ್ಬಳು. ನೊಬೆಲ್ ವೇದಿಕೆಯಲ್ಲಿ ಹೇಳಿದ ಒಂದು ಸಂಸಾರದ ಕಥೆ ಇದು! 1947ರಲ್ಲಿ ಬ್ರಿಟನ್ ಕಾಯಿದೆ ತಂದು, ವೈದ್ಯರ ಚೀಟಿಯಿಲ್ಲದೆ ಪೆನಿಸಿಲಿನ್ ಮಾರುವುದನ್ನು ನಿಲ್ಲಿಸಿತು.

ನಮ್ಮಲ್ಲಿ 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಮುಂದೆ ಈ ಔಷಧಗಳು ಎಷ್ಟು ಸಲೀಸಾದವೆಂದರೆ, ಪರೀಕ್ಷೆಯ ಹೊತ್ತಿಗೆ ನೆಗಡಿಯಾದ ವಿದ್ಯಾರ್ಥಿ ಗೆಳೆಯ ಉಳಿಸಿಟ್ಟ ಅಜಿತ್ರೊಮೈಸಿನ್ ನುಂಗುತ್ತಾನೆ. ನೆಗಡಿ ವೈರಸ್ಸಿನದು, ಆ ಮಾತ್ರೆ ಅದನ್ನು ಮುಟ್ಟುವುದೂ ಇಲ್ಲ. ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಪಾಠವಾಗುತ್ತದೆ. ಈ ವೈರಸ್-ಬ್ಯಾಕ್ಟೀರಿಯಾ ವ್ಯತ್ಯಾಸವನ್ನು ತರಗತಿಯಲ್ಲಿ ವಿವರಿಸುವ ಮೇಷ್ಟ್ರೂ ತಮ್ಮ ಕೆಮ್ಮಿಗೆ ಮೆಡಿಕಲ್ ಶಾಪಿನವನನ್ನೇ ಕೇಳುವುದುಂಟು.

2014ರಿಂದ ಹಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. 2016ರಲ್ಲಿ ಸರ್ಕಾರ ಸ್ಟ್ರಿಪ್‌ನ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರವನ್ನೂ ಮಾಡಿತು. ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಎರಡು ಮಾತ್ರೆಯ ತುಂಡಿನಲ್ಲಿ ಆ ಗೆರೆ ಉಳಿದಿದೆಯೇ, ಮುಂದಿನ ಸಲ ನೋಡಿ.